ಕುದುರೆಯ ಬೆಣೆ

ಬಾವಿಕಟ್ಟೆಯ ತನಕ ಬಂದ ಮೇಲೆ ಪಾಲಪ್ಪನಿಗೆ ಅನುಮಾನ ಬಂತು, ಮನೆಯ ಚಿಲಕ ಹಾಕಿದೆನೋ ಇಲ್ಲವೋ. ಹಾಕಿದ್ದು ಕೈಗೆ ನೆನಪಿತ್ತು. ಬೆಳಗಿನ ಥಂಡಿಗೆ ತಣ್ಣಗಿದ್ದ ಕಬ್ಬಿಣ ಬೆರಳಿಗೆ ತಾಕಿದ್ದು, ಕೊಂಡಿಯೊಳಗೆ ಅದು ಕೂತಾಗ ಆದ ಸಣ್ಣ ಸದ್ದು, ಎಲ್ಲವೂ ಇತ್ತು. ಆದರೆ ಆ ಸದ್ದು ಇವತ್ತಿನದೋ ನಿನ್ನೆಯದೋ ಹೇಳುವವರು ಯಾರು? ಚಿಲಕಕ್ಕೆ ದಿನವೂ ಒಂದೇ ಸದ್ದು. ಮೊದಲಾಗಿದ್ದರೆ ಇಂಥದ್ದನ್ನು ಯೋಚಿಸುವುದೇ ಹುಚ್ಚು ಅನ್ನಿಸುತ್ತಿತ್ತು. ಈಗ ತಿರುಗಿ ಹೋಗಿ ನೋಡದಿದ್ದರೆ ಇಡೀ ದಿನ ಆ ಬಾಗಿಲು ತಲೆಯೊಳಗೆ ತೆರೆದುಕೊಂಡು ಮುಚ್ಚಿಕೊಂಡು ಬಡಿಯುತ್ತಲೇ ಇರುತ್ತದೆ. ತಿರುಗಿ ಹೋದ. ಚಿಲಕ ಹಾಕಿತ್ತು. ಆದರೂ ಒಮ್ಮೆ ಎಳೆದು ನೋಡಿದ. ಎದುರು ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದ ನರಸಿಂಹಮ್ಮ, "ಹಾಕಿದ್ದೀಯ ಕಣಪ್ಪ, ನಾನೇ ನೋಡ್ದೆ. ಹೋಗು ಹೋಗು," ಅಂದಳು, ಹಠ ಮಾಡುವ ಮಗುವನ್ನು ಕೂಲಿಮಠಕ್ಕೆ ಅಟ್ಟುವವಳ ದನಿಯಲ್ಲಿ. ಅವನು ನಕ್ಕ. ಈಚೆಗೆ ಜನರ ಮುಂದೆ ಮೊದಲು ನಕ್ಕುಬಿಡುವುದನ್ನು ಕಲಿತಿದ್ದ.

ಹೆಂಡತಿ ಮುದ್ದಕ್ಕ ಆಗಲೇ ಮಂಡಿಯ ಕೆಲಸಕ್ಕೆ ಹೋಗಿದ್ದಳು. ಹೋಗುವ ಮುಂಚೆ ತಣ್ಣನೆ ಮುದ್ದೆಯ ಪಕ್ಕದಲ್ಲಿ ಒಂದೆಲಗದ ಚಟ್ನಿ ಇಟ್ಟಿದ್ದಳು. ದಸರೆಯಾದಾಗಿನಿಂದ ಅದು ತಪ್ಪಿಲ್ಲ. ಕೆರೆ ಏರಿಯ ಕೆಳಗಿನ ಜೌಗಿಗೆ ಹೋಗಿ, ಸೀರೆ ಎತ್ತಿ ಕಟ್ಟಿ, ಒಂದೊಂದೇ ಎಲೆ ಕಿತ್ತು ಮಡಿಲು ತುಂಬಿಕೊಂಡು ಬರುತ್ತಾಳೆ. "ತಿನ್ನು. ಮರೆವಿಗೆ ಒಳ್ಳೇದು," ಅನ್ನುತ್ತಾಳೆ. ಮೊದಲ ದಿನ ಅವನಿಗೆ ಕಣ್ಣು ತುಂಬಿ ಬಂದು, ಖಾರದ ನೆಪ ಹೇಳಿದ್ದ. ಬಾಯಲ್ಲಿ ಮಧ್ಯಾಹ್ನದ ತನಕ ಉಳಿಯುವ ಆ ಕಹಿಯನ್ನು ನಾಲಗೆಯಿಂದ ಸವರಿಕೊಳ್ಳುತ್ತಾ ಪೇಟೆ ಬೀದಿಗೆ ನಡೆದ. ಮೇಲೆ ಬೆಟ್ಟ ಬರಿಮೈಯಲ್ಲಿ ಬಿಸಿಲು ಕುಡಿಯತೊಡಗಿತ್ತು. ಸಂಜೆ ಅದನ್ನೆಲ್ಲ ಊರ ಮೇಲೆ ಉಸಿರು ಬಿಡುತ್ತದೆ. ಮದಲೂರಿಗೆ ಕೊಟ್ಟ ಮಗಳು ಲಕ್ಷ್ಮಕ್ಕ ಹಬ್ಬಕ್ಕೆ ಬಂದವಳು ಹೋಗುವಾಗ ಕಿವುಡನಿಗೆ ಹೇಳುವಂತೆ ಒಂದೊಂದೇ ಮಾತು ಬಿಡಿಸಿ ಹೇಳಿದ್ದಳು: "ಅಪ್ಪಾ, ನಾನು, ಕಾರ್ತೀಕಕ್ಕೆ, ಬತ್ತೀನಿ." ಅವಳಿಗೆ ಹಾಗೆ ಮಾತಾಡಲು ಹೇಳಿಕೊಟ್ಟವರು ಯಾರು? ಯಾರೂ ಹೇಳಿಕೊಡಬೇಕಾಗಿಲ್ಲ. ಒಬ್ಬನಿಗೆ ಮರೆವು ಎಂದು ಒಮ್ಮೆ ಗೊತ್ತಾದರೆ ಎಲ್ಲರ ಗಂಟಲೂ ತಾನಾಗಿ ದೊಡ್ಡದಾಗುತ್ತದೆ.

ನಂದೀಶ್ವರಯ್ಯನವರ ಕಡಲೆಕಾಯಿ ಮಂಡಿಯಲ್ಲಿ ಸುಗ್ಗಿಯ ಧೂಳು ಎದ್ದಿತ್ತು. ಕೊರಟಗೆರೆ ಕಡೆಯ ಗಾಡಿಗಳು ಇಳಿಸಿ ಹೋದ ಕಾಯಿಯ ರಾಶಿಯ ಸುತ್ತ ಹೆಂಗಸರು ಕಾಯಿ ಸುಲಿಯುತ್ತಾ ಕೂತಿದ್ದರು. ಅವರ ನಡುವೆ ಮುದ್ದಕ್ಕ. ಅವನೂ ಈಗ ಕೂರಬೇಕಾದದ್ದು ಅಲ್ಲೇ. ಅಯ್ಯನವರು ಕೆಲಸ ಬಿಡಿಸಿರಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊದಿಕೆ ಸುತ್ತಿದ ಕಾಲನ್ನು ಮಣೆಯ ಮೇಲೆ ಚಾಚಿಕೊಂಡು, "ನಿಂಗೂ ವಯಸ್ಸಾಯ್ತು ಕಣ್ಲಾ ಪಾಲ. ಮರೆವು ಯಾರ್ನ ಬುಟ್ಟೈತೆ. ಇನ್ಮ್ಯಾಕೆ ಗಾಡಿ ತಂಟೆ ಬ್ಯಾಡ, ನೆಳ್ಳಲ್ಲಿ ಕೂತ್ಕಂಡು ಕಾಯಿ ಆರ್ಸು," ಅಂದಿದ್ದರು. ಕ್ಷಮೆ ಎನ್ನುವುದು ತಲೆಯ ಮೇಲೆ ಕೈ ಇಟ್ಟು ಕೆಳಗೆ ಕೂರಿಸುವ ಒಂದು ವಿಧ ಎಂದು ಅವನಿಗೆ ಅವತ್ತು ಗೊತ್ತಾಯಿತು. ಕುಕ್ಕರಗಾಲಲ್ಲಿ ಕೂತ. ಕಾಯಿ ಆರಿಸಿದ. ಒಂದು ಕೆಟ್ಟ ಕಾಯಿ ಒಳ್ಳೆಯದರ ಜೊತೆ ಸೇರಿದರೂ ಹೆಂಗಸರು ಅದನ್ನು ಎತ್ತಿ ತೋರಿಸದೆ, ಅವನ ಕಣ್ಣು ತಪ್ಪಿಸಿ, ಮೆಲ್ಲಗೆ ತೆಗೆದು ಹಾಕುತ್ತಿದ್ದರು.

ಮಂಡಿಯ ಹಿಂದಿನ ಕೊಟ್ಟಿಗೆಯಲ್ಲಿ ಮೋಟಾರ್ ಸೈಕಲ್ಲು. ಕೆಲಸ ಮುಗಿಸಿ ಸೀಮೆಗೆ ಹೊರಟ ಬಿಳಿ ಸರ್ವೆ ಅಧಿಕಾರಿಯೊಬ್ಬನಿಂದ ಅಯ್ಯನವರು ಕೊಂಡದ್ದು. ಊರು ಅದನ್ನು ಪಟಪಟಿ ಅಂತಲೇ ಕರೆಯಿತು. ಅಯ್ಯನವರು ಮುಂದೆ, ಪಾಲಪ್ಪ ಹಿಂದೆ, ಪಾವಗಡದ ಕಲ್ಲುದಾರಿಯಲ್ಲಿ ಕಾಯಿ ವ್ಯಾಪಾರಕ್ಕೆ ಹೋಗುತ್ತಿದ್ದರು. ಹಳ್ಳಿಯ ನಾಯಿಗಳು ಬೆನ್ನಟ್ಟಿದರೆ ಕಾಲು ಬೀಸುವುದು, ಇಳಿದ ಕೂಡಲೇ ಧೂಳು ಒರೆಸುವುದು, ಸರಪಣಿಗೆ ಎಣ್ಣೆ ಬಿಡುವುದು ಅವನ ಕೆಲಸ. ಅಂಥ ಒಂದು ಸಲ ಗಾಡಿಯ ಕಬ್ಬಿಣದ ಸ್ಟ್ಯಾಂಡು ಮುರಿದುಹೋಯಿತು. ಲಡಾಯಿ ಶುರುವಾಗಿತ್ತು, ಬೆಂಗಳೂರಿನಲ್ಲಿ ಕೇಳಿಸಿದರೂ ಇಲ್ಲ ಅಂದರು. ಆಮೇಲೆ ಪೆಟ್ರೋಲಿಗೂ ಕೂಪನ್ನು ಬಂತು. ಗಾಡಿ ನಿಂತಲ್ಲೇ ನಿಂತರೆ ಟೈರು ಕೊಳೆಯುತ್ತದೆ, ಚಕ್ರ ನೆಲದಿಂದ ಎತ್ತಿ ಇಡಬೇಕು. ಎಲ್ಲಿಗೆ ಎತ್ತುವುದು, ಯಾವುದರ ಮೇಲೆ? ಆಗ ಪಾಲಪ್ಪ, ಮುರಿದ ಎತ್ತಿನಗಾಡಿಯ ಜಾಲಿಮರದ ತುಂಡುಗಳನ್ನು ಕೇಳಿ ಪಡೆದು, ಮನೆಯ ಹಿತ್ತಲಿಗೆ ಹೊತ್ತು ತಂದಿದ್ದ.

ಆ ಬೇಸಿಗೆ ನೆನಪಾದರೆ ಈಗಲೂ ಅವನಿಗೆ ಜಾಲಿಯ ಸಿಪ್ಪೆಯ ವಾಸನೆ ಬರುತ್ತದೆ. ಅವನು ಬಡಗಿಯಲ್ಲ. ಕಾಲು ನಾಲ್ಕು ಕಡೆ ಅಗಲಿಸಿ ನಿಲ್ಲಿಸಿದರೆ ಒಂದು ಮೋಟಾಗುತ್ತಿತ್ತು, ಅದನ್ನು ಕೊಯ್ದರೆ ಇನ್ನೊಂದು. ಮುದ್ದಕ್ಕ ಕಿಸಕ್ಕನೆ ನಗುತ್ತಾ ಮರ ಹಿಡಿದುಕೊಂಡಿರುತ್ತಿದ್ದಳು. "ಇಂಗೇ ಕುಯ್ತಾ ಹೋದ್ರೆ ಕೊನ್ಗೆ ಮಣೆ ಆಯ್ತದೆ, ನಾನೇ ರೊಟ್ಟಿ ತಟ್ಕಂತೀನಿ," ಅನ್ನುವಳು. ಕೊನೆಗೆ ಎರಡು ಆಸರೆಗಳು ನಿಂತವು, ಗಾಡಿಯ ಮುಂದಕ್ಕೊಂದು, ಹಿಂದಕ್ಕೊಂದು. ನಾಲ್ಕು ಕಾಲು, ಬೆನ್ನಿನ ಮೇಲೆ ಎರಡು ಗೂಟ, ಗೂಟದ ಸೀಳಿನೊಳಗೆ ಮೇಲೆ ಕೆಳಗೆ ಆಡುವ ಒಂದು ಅಡ್ಡಪಟ್ಟಿ. ಗಾಡಿಯ ಹೊಟ್ಟೆ ಕೂರುವುದು ಆ ಪಟ್ಟಿಯ ಮೇಲೆ. ಹಿಂದಿನದರಲ್ಲಿ ಮಾತ್ರ ಪಟ್ಟಿಯ ಅಡಿಗೆ ಒಂದು ಬೆಣೆ. ಅದನ್ನು ಕೊಡತಿಯಿಂದ ಹೊಡೆದಷ್ಟೂ ಪಟ್ಟಿ ಏರುತ್ತದೆ, ಹಿಂದಿನ ಚಕ್ರ ನೆಲ ಬಿಟ್ಟು ಗಾಳಿಗೆ ಸಲೀಸಾಗಿ ತಿರುಗುತ್ತದೆ. "ನಾಕ್ ಕಾಲೈತೆ, ಸವಾರಿ ಹೊತ್ಕಂತದೆ. ಕುದ್ರೆ ಅಲ್ದೆ ಇನ್ನೇನು," ಅಂದವಳು ಅವಳೇ. ಅಂದಿನಿಂದ ಅವು ಕುದುರೆಗಳು. ಗಾಡಿ ಹತ್ತಿಸುವ ಮುಂಚೆ ಹಿಂದಿನ ಕುದುರೆಯ ಮೇಲೆ ಚಪ್ಪಡಿಕಲ್ಲು ಹೇರಿ ಪರೀಕ್ಷೆ ಮಾಡಿದ್ದರು. ಬೆಣೆಯನ್ನು ಸಣ್ಣ ತುದಿಯಿಂದ ಹೊಡೆದು ಹೊರಗೆ ತೆಗೆದ. ಪಟ್ಟಿ ಬೀಳಲಿಲ್ಲ. ಭಾರಕ್ಕೆ ಕೊಂಚ ಓರೆಯಾಗಿ ಸೀಳಿನ ಅಂಚನ್ನು ಕಚ್ಚಿಕೊಂಡು ನಿಂತಿತ್ತು. ಮುದ್ದಕ್ಕ ಚಪ್ಪಾಳೆ ತಟ್ಟಿದಳು. ಅವನು ಒಂದು ಬೆರಳಿನಿಂದ ಕಲ್ಲನ್ನು ಅಲುಗಿಸಿದ. ಪಟ್ಟಿ ಜಾರಿ, ಕಲ್ಲು ಉರುಳಿ, ಕೋಳಿಗಳೆಲ್ಲ ಹಾರಿಹೋದವು. "ನೋಡ್ದಾ? ಇದಿಲ್ದೆ ಏನೂ ಇಲ್ಲ. ಈ ಗಾಡಿಗೆ ಬೆಣೇನೇ ದೇವ್ರು ಕಣೆ," ಎಂದು ಅದನ್ನು ಅವಳ ಅಂಗೈಯಲ್ಲಿಟ್ಟಿದ್ದ. ಅವಳು ಕಣ್ಣಿಗೊತ್ತಿಕೊಳ್ಳುವ ಆಟ ಆಡಿದ್ದಳು.

ಆಟವೇ ಇರಬೇಕು.

ಈ ಸಲದ ಆಯುಧಪೂಜೆ. ಮಂಡಿಯಲ್ಲಿ ತಕ್ಕಡಿ, ಬಟ್ಟು, ಕುಡುಗೋಲು, ಪಟಪಟಿಯ ಸ್ಪ್ಯಾನರು, ಅವನ ಕೊಡತಿ, ಎಲ್ಲ ತೊಳೆದು ಸಾಲಾಗಿ ಇಟ್ಟಿದ್ದರು. ಅಯ್ಯನವರು ಮಡಿಯುಟ್ಟು ಒಂದೊಂದಕ್ಕೂ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಾ ಬಂದರು. ಎಳೆಯ ವಯಸ್ಸಿನಲ್ಲಿ ತಕ್ಕಡಿಯ ಸರಪಣಿಗೆ ಸಿಕ್ಕಿ ಅವರ ಉಂಗುರದ ಬೆರಳು ಸೊಟ್ಟಗಾಗಿದೆ. ಅವರು ಎಳೆದ ವಿಭೂತಿಯಲ್ಲಿ ಎರಡು ಗೆರೆ ನೆಟ್ಟಗಿದ್ದು ಮೂರನೆಯದು ಅರ್ಧಕ್ಕೇ ಬಾಗಿ ನಿಲ್ಲುತ್ತದೆ. ಕುದುರೆಗಳ ಮೇಲೆ ಏರಿದ ಗಾಡಿಗೆ ಚೆಂಡುಹೂವಿನ ಹಾರ. ಪೂಜೆಯ ದಿನ ಎರಡು ಗುಟುರು ಹಾಕಿಸಬೇಕೆಂದು ಅಯ್ಯನವರು ಸೀಸೆಯಲ್ಲಿ ಪೆಟ್ರೋಲು ಉಳಿಸಿದ್ದರು. ಮಂಗಳಾರತಿ ಆಯಿತು, ಪಾಲಪ್ಪ ತಂದ ಬೂದುಗುಂಬಳಕಾಯಿ ಒಡೆದರು, ನೆಂಟರು ನೆರೆದಿದ್ದರು. ಅಯ್ಯನವರು ಪಂಚೆ ಎತ್ತಿ ಕಟ್ಟಿ ಗಾಡಿ ಹತ್ತಿ ಕೂತು ಕಾಲಿನಿಂದ ಒದ್ದರು. ಒಂದು ಒದೆತ. ಎರಡನೆಯದಕ್ಕೆ ಹಿಂದಿನ ಕುದುರೆಯ ಪಟ್ಟಿ ಜಾರಿತು. ಗಾಡಿ ಮಗ್ಗುಲಿಗೆ ಬಿತ್ತು, ಅಯ್ಯನವರ ಪಾದ ಅದರಡಿ.

ಎಲ್ಲರೂ ಸೇರಿ ಕಬ್ಬಿಣ ಎತ್ತಿದರು. ಬೆವೆತ ಮುಖದಲ್ಲಿ ಅಯ್ಯನವರು ಕೇಳಿದ್ದು ಒಂದೇ ಮಾತು: "ಬೆಣೆ ಎಲ್ಲಲಾ?" ಸೀಳು ಬರಿದಾಗಿತ್ತು. ಅವನು ಮಂಡಿಯೂರಿ ನೆಲವೆಲ್ಲ ತಡಕಿದ. ಹೂವು ಸಿಕ್ಕಿತು, ಕುಂಬಳದ ಬೀಜ ಸಿಕ್ಕಿತು. ಆಗ ಮಂಡಿಗೆ ಅಂಟಿದ ಅಯ್ಯನವರ ಅಡುಗೆಮನೆಯ ಬಾಗಿಲಿಂದ ಮುದ್ದಕ್ಕನ ದನಿ ಬಂತು: "ಇವ್ರಿಗೆ ಈಚೀಚೆಗೆ ಮರೆವು, ಬುದ್ಧಿ. ಮೊನ್ನೆ ಎಮ್ಮೆ ಕಟ್ಟೋದೇ ಮರ್ತು ಮನಗವ್ರೆ. ಸಂತೆಗೆ ಹೋಗಿ ಉಪ್ಪು ಬುಟ್ಟು ಬಂದವ್ರೆ. ಬೆಣೆ ಹಾಕೋದ್ನೂ ಮರ್ತಿರ್ಬೇಕು." ಮನೆಯಲ್ಲಿ ಅವಳು ಅವನನ್ನು ಏಕವಚನದಲ್ಲೇ ಕರೆಯುವುದು, ಆ ದಿನ 'ಇವ್ರು' ಅಂದಳು. ಆ ಮರ್ಯಾದೆ ಅವನ ಕಿವಿಯಲ್ಲಿ ಇನ್ನೂ ಇದೆ. ಅವನು ಹೇಳಿದ, ಹಾಕಿದ್ದೆ ಬುದ್ಧಿ, ಬೆಳಿಗ್ಗೆ ಚಕ್ರ ತಿರುಗಿಸಿ ನೋಡಿದೆ, ಹಾರದಿಂದ ಕಳಚಿದ ಒಂದು ಚೆಂಡುಹೂವು ಕಡ್ಡಿಗಳ ನಡುವೆ ಸಿಕ್ಕಿ ಸುತ್ತಿ ಸುತ್ತಿ ಹಳದಿ ಬಳೆಯ ಹಾಗೆ ಕಂಡಿತು, ಬೆಣೆ ಇಲ್ಲದೆ ಚಕ್ರ ತಿರುಗುತ್ತದೆಯೇ. ಅಯ್ಯನವರು ನರಳುತ್ತಲೇ ಕರುಣೆಯಿಂದ ನೋಡಿದರು. "ಅದು ಹೋದ್ ವರ್ಷದ್ದು ಕಣ್ಲಾ." ಮುದ್ದಕ್ಕ ನೆಲ ನೋಡುತ್ತಾ ಹೂಂಗುಟ್ಟಿದಳು: "ಹೋದ್ ವರ್ಷದ್ದೇ." ಇಬ್ಬರು ಹೇಳಿದ ಮೇಲೆ ಆ ಹೂವು ನಿಜವಾಗಿಯೂ ಹಿಂದಿನ ವರ್ಷಕ್ಕೆ ಸರಿದುಹೋಯಿತು. ಹೋದ ವರ್ಷವೂ ಹಾರ ಹಾಕಿದ್ದುಂಟು. ಹೋದ ವರ್ಷವೂ ಚಕ್ರ ತಿರುಗಿಸಿದ್ದುಂಟು. ಅಂದಿನಿಂದ ಅವನು ತನ್ನ ದಿನಗಳನ್ನು ಒಂದೊಂದಾಗಿ ಎತ್ತಿ, ಇದು ಯಾವ ವರ್ಷದ್ದು ಎಂದು ಕೇಳಿಕೊಳ್ಳುತ್ತಿದ್ದಾನೆ.

"ಭಾಯಿ, ನೀವೇನಾ ಪಾಲಪ್ಪ?" ಕಾಯಿ ಆರಿಸುತ್ತಿದ್ದವನು ಎದ್ದು ಹೋದ. ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದವನು ಶಿರಾದ ಬುಡನ್ ಸಾಬ್, ಸೈಕಲ್ ರಿಪೇರಿಯವನು. ಗಾಡಿಗೆ ಕಬ್ಬಿಣದ ಹೊಸ ಸ್ಟ್ಯಾಂಡು ಬಡಿಸಿ ತಂದಿದ್ದ. ಇನ್ನು ಮೇಲೆ ತಿಂಗಳಿಗೊಮ್ಮೆ ಬಂದು ಗಾಡಿ ನೋಡಿಕೊಳ್ಳುವವನೂ ಅವನೇ. ತನ್ನ ಜಾಗಕ್ಕೆ ಬಂದವನನ್ನು ದ್ವೇಷಿಸಬೇಕೆಂದು ಪಾಲಪ್ಪ ರಾತ್ರಿಯೇ ತಯಾರಾಗಿದ್ದ. ಆದರೆ ಆ ಮನುಷ್ಯ ಕುದುರೆಯ ಕಾಲನ್ನು ತಟ್ಟಿ, "ಜಾಲಿ. ಮಜಬೂತಾಗೈತೆ. ನಮ್ಮ ಅಂಗ್ಡಿಗೂ ಇಂಥದ್ದೊಂದು ಮಾಡ್ಬೇಕು ಅಂತ ಬಹಳ ದಿನದ ಆಸೆ," ಅಂದುಬಿಟ್ಟ. ಸೀಳಿನಲ್ಲಿ ಬೆರಳಾಡಿಸಿ, "ಇಲ್ಲಿ ಬೆಣೆ ಅಲ್ವಾ? ಬೆಣೆ ಹೊಡೀದೆ ಇದ್ರೆ ಚಕ್ರ ಏಳೋದೇ ಇಲ್ವಲ್ಲ," ಅಂದ, ಯಾರಿಗೂ ಅಲ್ಲ, ತನಗೆ ತಾನೇ. ಪಾಲಪ್ಪ ಅವನ ಮುಖ ನೋಡಿದ. ಏಳುವುದೇ ಇಲ್ಲ. ತಾನೂ ಅವತ್ತು ಅದನ್ನೇ ಹೇಳಿದ್ದು. ಅಷ್ಟರಲ್ಲಿ ಒಳಗಿನಿಂದ ಅಯ್ಯನವರ ಕೂಗು: "ಲೇ ಪಾಲ, ಆ ಕುದ್ರೆ ಎರಡ್ನೂ ಒಡ್ದು ಬಚ್ಚಲೊಲೆಗೆ ಹಾಕ್ಬುಡು. ನನ್ನ ಕಾಲಿಗೆ ಶಾಖಕ್ಕಾದ್ರೂ ಆಗ್ಲಿ." ಸುಲಿಯುತ್ತಿದ್ದ ಹೆಂಗಸರು ನಕ್ಕರು. "ಕೊಡ್ಲಿ ತರೋದು ಮರ್ತೀಯ," ಎಂದು ಅಯ್ಯನವರು ಸೇರಿಸಿದರು. ಮತ್ತೆ ನಗು. ಎಲ್ಲರಿಗಿಂತ ಮೊದಲು ಪಾಲಪ್ಪ ನಕ್ಕಿದ್ದ.

ಮನೆಗೆ ಬಂದ. ಕೊಡಲಿ ಮಾಡಿನ ಸಂದಿಯಲ್ಲಿತ್ತು, ಬಾಯಿ ಮೊಂಡಾಗಿತ್ತು. ಸಾಣೆಕಲ್ಲು ಎಲ್ಲಿ? ನಿಂತಲ್ಲೇ ಕಣ್ಣು ಮುಚ್ಚಿ ನೆನೆದ. ಇದೊಂದು ಅವನ ಈಚಿನ ಗುಟ್ಟಿನ ಆಟ: ಮೊದಲು ನೆನೆಯುವುದು, ಆಮೇಲೆ ಹೋಗಿ ನೋಡುವುದು. ಸರಿಯಿದ್ದರೆ ಒಂದು ಗುಕ್ಕು ನೀರು ಕುಡಿದಷ್ಟು ಸಮಾಧಾನ. ಸಾಣೆಕಲ್ಲು ರಾಗಿಯ ಗುಡಾಣದ ಹಿಂದೆ, ಗೋಡೆಯ ಬುಡದಲ್ಲಿ. ಕೈ ತೂರಿಸಿದ. ಕಲ್ಲು ಅಲ್ಲೇ ಇತ್ತು. ಅದರ ಆಚೆಗೆ ಇನ್ನೇನೋ ಬೆರಳಿಗೆ ತಾಕಿತು, ಬಟ್ಟೆ ಸುತ್ತಿದ್ದು. ಎಳೆದ. ಮುದ್ದಕ್ಕನ ಹಳೆಯ ಕುಪ್ಪಸದ ತುಂಡು, ಅರಿಶಿನದಲ್ಲಿ ಅದ್ದಿದ್ದು. ಬಿಚ್ಚುವ ಮುಂಚೆಯೇ ಕೈಗೆ ಅದರ ತೂಕ ಗೊತ್ತಾಯಿತು.

ಬೆಣೆ. ಎಣ್ಣೆ ಕುಡಿದು ಕಪ್ಪಾದ ಜಾಲಿ, ಅಂಚಿನಲ್ಲಿ ಅವನ ಬಾಚಿ ತಪ್ಪಿ ಎದ್ದ ಸಣ್ಣ ಚಕ್ಕೆ. ಸಣ್ಣ ತುದಿಯಲ್ಲಿ ಹೊಸ ಏಟಿನ ಗುರುತು. ಅಗಲದ ಮೈಯ ಮೇಲೆ ಒಂದು ಒಣಗಿದ ಕುಂಕುಮದ ಬೊಟ್ಟು, ಅದರ ಹಿಂದೆ ವಿಭೂತಿ: ಎರಡು ಗೆರೆ ನೆಟ್ಟಗೆ, ಮೂರನೆಯದು ಅರ್ಧಕ್ಕೇ ಬಾಗಿ.

ಅವನು ಗುಡಾಣಕ್ಕೆ ಒರಗಿ ಕೂತ. ಎಲ್ಲವೂ ಅವಸರವಿಲ್ಲದೆ ಕಣ್ಣ ಮುಂದೆ ಬಂದವು. ಅವನು ಕುಂಬಳಕಾಯಿ ತರಲು ಹೋಗಿದ್ದ ಹೊತ್ತು. ಅವಳು ಕೊಡತಿಯಿಂದ, ಅವನೇ ತೋರಿಸಿಕೊಟ್ಟ ಸಣ್ಣ ತುದಿಗೆ, ಮೆತ್ತಗೆ ಎರಡು ಏಟು ಹಾಕಿದ್ದಾಳೆ. ಪಟ್ಟಿ ಕಚ್ಚಿಕೊಂಡು ನಿಂತಿದೆ, ಹಿತ್ತಲಲ್ಲಿ ನಿಂತಿದ್ದಂತೆಯೇ. ತೊಳೆದು, ಬಟ್ಟುಗಳ ಸಾಲಿನ ಕೊನೆಗೆ, ಹೂವಿನ ಮರೆಯಲ್ಲಿ ಇಟ್ಟಿದ್ದಾಳೆ. ಎಲ್ಲ ಆಯುಧಕ್ಕೂ ಪೂಜೆಯಾಗುವಾಗ ದೇವರಂಥದ್ದಕ್ಕೇ ಆಗದಿದ್ದರೆ ಹೇಗೆ? ಗಂಡನ ಮಾತನ್ನು ಅವಳು ಆಟಕ್ಕೆ ಕೇಳಿಸಿಕೊಂಡಿರಲಿಲ್ಲ. ಅಯ್ಯನವರು ಏನೆಂದು ನೋಡದೆ ತಮ್ಮ ಕೈಯಾರೆ ಅದಕ್ಕೂ ವಿಭೂತಿ ಎಳೆದು ಮುಂದೆ ಹೋಗಿದ್ದಾರೆ. ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನದ ತನಕ ಮುಟ್ಟುವ ಹಾಗಿಲ್ಲ. ಮಾರನೆಯ ದಿನ ಎಲ್ಲರಿಗಿಂತ ಮುಂಚೆ ಬಂದು ಹೊಡೆದರಾಯಿತು ಅಂದುಕೊಂಡಿರಬೇಕು. ಅಲುಗಿಸದಿದ್ದರೆ ಬೀಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಪೆಟ್ರೋಲಿನ ಸೀಸೆಯ ವಿಷಯ ಗೊತ್ತಿರಲಿಲ್ಲ.

ಅಷ್ಟೇ ತಾನೆ. ಅಷ್ಟೇ ಆಗಿದ್ದರೆ ಅವನು ನಕ್ಕುಬಿಡುತ್ತಿದ್ದ, ಅವಳ ತಲೆ ಸವರುತ್ತಿದ್ದ. ಅಯ್ಯನವರು ಕಬ್ಬಿಣದ ಅಡಿಯಲ್ಲಿ ಕೂಗುತ್ತಿದ್ದಾಗ ಅವಳು ಹೆದರಿದ್ದಾಳೆ, ಬಾಯಿಗೆ ಬಂದದ್ದು ಹೇಳಿದ್ದಾಳೆ, ಅದೂ ಆಗಲಿ. ಆದರೆ ಮಾರನೆಯ ದಿನ? ಅವನು ಮೂಲೆಯಲ್ಲಿ ಗೋಡೆ ನೋಡುತ್ತಾ ಮಲಗಿದ್ದಾಗ ಪಕ್ಕದಲ್ಲಿ ಕೂತು, "ಯೋಚ್ನೆ ಮಾಡ್ಬ್ಯಾಡ, ಎಲ್ರಿಗೂ ಆಯ್ತದೆ," ಎಂದು ತಲೆಗೆ ಹರಳೆಣ್ಣೆ ಒತ್ತಿದ್ದಳಲ್ಲ, ಆ ಬೆರಳು ಯಾರವು? ಎಮ್ಮೆ ಅವತ್ತು ಹಗ್ಗ ಹರಿದುಕೊಂಡಿತ್ತು, ಹಗ್ಗದ ತುಂಡು ಗೂಟದಲ್ಲೇ ಇತ್ತು. ಈಗ ನೆನಪಾಗುತ್ತಿದೆ. ಉಪ್ಪು ಬೇಡ, ಇದೆ, ಅಂದವಳು ಅವಳೇ. ಒಂದೊಂದೂ ಎದ್ದು ತನ್ನ ತನ್ನ ಜಾಗಕ್ಕೆ ಬಂದು ಕೂರುತ್ತಿದೆ. ಮತ್ತೆ ಆ ಒಂದೆಲಗ. ಮರೆವು ಇಲ್ಲ ಎಂದು ಲೋಕದಲ್ಲಿ ಯಾರಿಗಾದರೂ ಗೊತ್ತಿದ್ದರೆ ಅವಳಿಗೊಬ್ಬಳಿಗೆ ಗೊತ್ತಿತ್ತು. ಅವಳೇ ಜೌಗಿಗೆ ಇಳಿದು, ಎಲೆ ಕಿತ್ತು, ಅರೆದು, ಎದುರು ಕೂತು ತಿನ್ನಿಸಿದಳು. ಅವನು ತಟ್ಟೆ ಬಳಿದು ತಿಂದ. ಬೆಣೆಯನ್ನು ಸುಟ್ಟುಹಾಕಲು ಅವಳಿಗೆ ಮನಸ್ಸು ಬಂದಿಲ್ಲ, ಪೂಜೆಯಾದದ್ದನ್ನು ಬೆಂಕಿಗೆ ಹಾಕಬಾರದು. ಅವತ್ತಿನ ಗಲಾಟೆಯಲ್ಲಿ ಸಾಲಿನಿಂದ ಎತ್ತಿ ತಂದು, ಅರಿಶಿನದ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾಳೆ. ಆ ಮರದ ತುಂಡಿಗೆ ಅವಳು ಅಂಜಿದಷ್ಟು—

ಬಾಯಿಯ ಕಹಿ ಗಂಟಲಿಗೆ ಬಂತು. ಎದ್ದು ನೀರು ಕುಡಿದ. ಚೆಂಡುಹೂವು ಈ ವರ್ಷದ್ದು. ಅದನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡ: ಹೂವು ಈ ವರ್ಷದ್ದು. ಸಂತೋಷವಾಗಬೇಕಿತ್ತು.

ಕೊಡಲಿ ಮಸೆದು, ಬೆಣೆಯನ್ನು ಪಂಚೆಯ ಗಂಟಿಗೆ ಸಿಕ್ಕಿಸಿ, ಮಂಡಿಗೆ ನಡೆದ. ಚಿಲಕದ ಕಡೆ ತಿರುಗಿಯೂ ನೋಡಲಿಲ್ಲ. ನರಸಿಂಹಮ್ಮ ಏನೋ ಅಂದದ್ದು ಹಿಂದೆ ಉಳಿಯಿತು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಬೆಣೆಯನ್ನು ಅಯ್ಯನವರ ಕೈಗಿಟ್ಟರೆ ಸಾಕು, ಅವರ ಬೆರಳೇ ಸಾಕ್ಷಿ ಹೇಳುತ್ತದೆ. ಹೆಂಗಸರು ನಗುವುದನ್ನು ನಿಲ್ಲಿಸುತ್ತಾರೆ. ಮಗಳು ಕಾರ್ತೀಕಕ್ಕೆ ಬಂದಾಗ ಸಾಧಾರಣ ದನಿಯಲ್ಲಿ ಮಾತಾಡುತ್ತಾಳೆ. ಮುದ್ದಕ್ಕನನ್ನು ಏನು ಮಾಡುತ್ತಾರೆ? ಮಂಡಿಯಿಂದ ಅಟ್ಟುತ್ತಾರೆ, ಹಬ್ಬದ ದಿನ ಅಯ್ಯನ ಕಾಲು ಮುರಿಸಿದವಳು ಎಂದು ಬೀದಿಯಲ್ಲಿ ಬೆರಳು ತೋರಿಸುತ್ತಾರೆ. ತೋರಿಸಲಿ. ಮಂಡಿಯ ಬಾಗಿಲಿಗೆ ಬರುವ ಹೊತ್ತಿಗೆ ಆ ಯೋಚನೆ ಬದಲಾಗಿತ್ತು. ದೊಡ್ಡತನ ಬಂದು ಅಲ್ಲ. ತಾನು ಹೇಳಿದರೆ ಅದು ತನ್ನ ಮಾತು. ಅವನಿಗೆ ಬೇಕಾಗಿದ್ದುದು ಅವಳ ಮಾತು. ಅವಳ ಬಾಯಿಂದ, ಅದೇ ಜನರೆದುರು, ಒಂದೇ ಒಂದು ಸಲ.

ಬುಡನ್ ಸಾಬ್ ಗಾಡಿಯನ್ನು ಕಬ್ಬಿಣದ ಸ್ಟ್ಯಾಂಡಿಗೆ ಏರಿಸಿಯಾಗಿತ್ತು. ಕುದುರೆಗಳನ್ನು ಅಂಗಳಕ್ಕೆ ಎಳೆದಿದ್ದರು. ಬಿಸಿಲಲ್ಲಿ ಅವು ಬಡವಾಗಿ ಕಂಡವು. ಅಯ್ಯನವರು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಪಾಲಪ್ಪ ಕೊಡಲಿ ಕೆಳಗಿಟ್ಟು, ಗಂಟಿನಿಂದ ಬೆಣೆ ತೆಗೆದು, ವಿಭೂತಿಯ ಮೈ ಒಳಗಾಗುವಂತೆ ಹಿಡಿದು, ಸೀಳಿಗೆ ಇಟ್ಟು ಕೊಡಲಿಯ ತಲೆಯಿಂದ ಒಂದು ಏಟು ಹಾಕಿದ. ಟಕ್ ಎಂದು ಕೂತಿತು. ಹಿತ್ತಲಲ್ಲಿ ಅವರಿಬ್ಬರೂ ಎಷ್ಟೋ ಸಲ ಕೇಳಿ ನಕ್ಕ ಸದ್ದು. ರಾಶಿಯ ಹತ್ತಿರ ಕಾಯಿ ಸುಲಿಯುವ ಚಿಟಿಚಿಟಿಯಲ್ಲಿ ಒಂದು ಜೋಡಿ ಕೈ ನಿಂತದ್ದು ಅವನಿಗೆ ತಿರುಗಿ ನೋಡದೆಯೇ ಕೇಳಿಸಿತು.

"ಪಕ್ಕಾ ಕೂತ್ಕೊಂತು ನೋಡಿ," ಅಂದ ಬುಡನ್ ಸಾಬ್.

"ಅದೇ ಬೆಣೆ ಏನ್ಲಾ?" ಅಯ್ಯನವರು ಕತ್ತು ಚಾಚಿದರು. "ಎಲ್ಲಿತ್ತು?"

ಪಾಲಪ್ಪ ಈಗ ತಿರುಗಿದ. ಮುದ್ದಕ್ಕನ ಮುಖ ನೋಡಿದ. ಅವಳ ಬೆರಳುಗಳ ನಡುವೆ ಅರ್ಧ ಒಡೆದ ಕಾಯಿ. ತುಟಿಯ ಮೇಲೆ ಕಡಲೆ ಸಿಪ್ಪೆಯ ಕೆಂಪು ಧೂಳು. ಜಾಲಿಮರ ಹಿಡಿದುಕೊಂಡು ಎದುರಿಗೆ ನಿಲ್ಲುತ್ತಿದ್ದ ಮುಖ ಅದೇ. ಬಾಗಿಲು ತೆರೆದು ಪಕ್ಕಕ್ಕೆ ಸರಿದು ನಿಂತವನಂತೆ, ಅವಳಿಗೆ ಬೇಕಾದಷ್ಟು ಜಾಗ ಬಿಟ್ಟು, ಅವನು ಮೆಲ್ಲಗೆ ಹೇಳಿದ: "ಎಲ್ಲಿತ್ತೋ ಬುದ್ಧಿ. ಗ್ಯಾಪ್ಕ ಬತ್ತಿಲ್ಲ. ಅವಳ್ಗೆ ಗೊತ್ತಿದ್ರೂ ಇರ್ಬೋದು."

ಎಲ್ಲರೂ ಅವಳ ಕಡೆ ನೋಡಿದರು. ಅವಳು ಬೆಣೆ ನೋಡಿದಳು, ಅಯ್ಯನವರ ಕಾಲಿನ ಹೊದಿಕೆ ನೋಡಿದಳು, ಅವನನ್ನು ನೋಡಿದಳು. ಆ ನೋಟದಲ್ಲಿ ಅವಳಿಗೆ ಎಲ್ಲ ತಿಳಿದದ್ದು ಅವನಿಗೆ ತಿಳಿಯಿತು. ಆಮೇಲೆ ಕಾಯಿ ಒಡೆದು ಬೀಜವನ್ನು ಮೊರಕ್ಕೆ ಹಾಕಿದಳು.

"ನೋಡಿದ್ರಾ ಬುದ್ಧಿ," ಅಂದಳು, "ನಾನು ಯೋಳ್ಲಿಲ್ವಾ. ಮಡಗಿದ್ದು ಎಲ್ಲಿ ಅಂತ ಇವ್ರಿಗೆ ಗ್ಯಾಪ್ಕನೇ ಇರಲ್ಲ."

ಹೆಂಗಸರು ನಕ್ಕರು. ಅಯ್ಯನವರು ತಲೆ ಕೊಡವಿ, "ಪಾಪ, ಬುಡ್ರಿ," ಅಂದರು. ಈ ಸಲ ಪಾಲಪ್ಪ ಮೊದಲು ನಗುವುದನ್ನು ಮರೆತ.

ಬುಡನ್ ಸಾಬ್ ಮಾತ್ರ ಯಾಕೋ, "ಒಡೀಬೇಡಿ ಭಾಯಿ, ನಾನು ಶಿರಾಕ್ಕೆ ಒಯ್ತೀನಿ ಬೇಕಾದ್ರೆ," ಅಂದ. ಪಾಲಪ್ಪ ಬೇಡವೆಂದು ತಲೆ ಅಲ್ಲಾಡಿಸಿದ. ಬೆಣೆಯನ್ನು ಸಣ್ಣ ತುದಿಯಿಂದ ಹೊಡೆದು ತೆಗೆದು ಪಕ್ಕಕ್ಕೆ ಎಸೆದ. ಭಾರವೇ ಇಲ್ಲದ ಪಟ್ಟಿ ಸುಮ್ಮನೆ ಜಾರಿ ಕೆಳಗೆ ಬಿತ್ತು. ಕೊಡಲಿ ಎತ್ತಿದ. ಜಾಲಿ ಸುಲಭದ ಮರವಲ್ಲ. ಮೊದಲ ಏಟು ಪುಟಿದು ಅಂಗೈ ಜುಮ್ಮೆಂದಿತು. ಒಂದು ಕಾಲು, ಇನ್ನೊಂದು ಕಾಲು, ಗೂಟ, ಬೆನ್ನು. ಪ್ರತಿ ಏಟಿಗೂ ಆ ಬೇಸಿಗೆಯ ವಾಸನೆ ಎದ್ದು ಬರುತ್ತಿತ್ತು, ಅದು ಮುಗಿಯುವ ತನಕ ಹೊಡೆಯಬೇಕೆಂದು ಅವನು ಹೊಡೆದ. ಗಾಡಿಗಳು ಬಂದವು, ಹೋದವು. ಬೆಟ್ಟದ ನೆರಳು ಅಂಗಳಕ್ಕೆ ಇಳಿಯಿತು. ಹೆಂಗಸರು ಮೊರ ಕೊಡವಿ ಒಬ್ಬೊಬ್ಬರಾಗಿ ಎದ್ದು ಹೋದರು.

ಅವನು ಸೌದೆಯನ್ನು ಬಚ್ಚಲಿಗೆ ಹೊತ್ತು ಒಲೆಯ ಮುಂದೆ ಜೋಡಿಸುತ್ತಿದ್ದಾಗ ಹಿಂದೆ ಬಳೆಯ ಸದ್ದಾಯಿತು. ಮುದ್ದಕ್ಕ ಬಾಗಿಲಲ್ಲಿ ನಿಂತಿದ್ದಳು, ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು. ಅವನು ಬೆಂಕಿ ಹಚ್ಚಿದ. ಚಕ್ಕೆಗಳು ಹೊತ್ತಿಕೊಂಡು, ದೊಡ್ಡ ತುಂಡುಗಳ ಎಣ್ಣೆ ಚಿಟಪಟ ಅಂದಿತು. ಸೌದೆಯ ಜೊತೆ ಬಂದ ಬೆಣೆ ರಾಶಿಯ ಮೇಲೇ ಇತ್ತು, ಈಗ ವಿಭೂತಿಯ ಮೈ ಮೇಲಾಗಿ. ಬೆಳಕು ಅದರ ಮೇಲೆ ಆಡುತ್ತಿತ್ತು. ಅವನ ಕೈ ರಾಶಿಯ ಕಡೆ ಹೋದಾಗ ಅವಳು ಒಂದು ಹೆಜ್ಜೆ ಒಳಗೆ ಬಂದಳು.

"ಅದುನ್ನ ಒಲೆಗೆ ಹಾಕ್ಬ್ಯಾಡ," ಅಂದಳು. ದನಿ ಇಳಿದಿತ್ತು, ಮನೆಯ ದನಿ, ಏಕವಚನ. "ಪೂಜೆ ಆಗಿರೋದು."

ಪಾಲಪ್ಪ ತಿರುಗಲಿಲ್ಲ. ಬೆಂಕಿಯನ್ನೇ ನೋಡುತ್ತಾ, ಮರೆವಿನ ಮನುಷ್ಯ ಕೇಳುವಷ್ಟೇ ಮೆತ್ತಗೆ ಕೇಳಿದ:

"ಯಾವುದು?"

ಅವಳು ಬಾಯಿ ತೆರೆದದ್ದು ಅವನಿಗೆ ಗೊತ್ತಾಯಿತು. ಕೈಯನ್ನು ರಾಶಿಯ ಮೇಲೆ ಹಾಗೇ ಇಟ್ಟುಕೊಂಡು ಅವನು ಕಾದ.